ಅಕ್ಕನ ಕಿವಿ

ನನಗೆ ನನ್ನ ಅಕ್ಕನ ಕಿವಿಯ ಮೇಲೆ ಹೊಟ್ಟೆಕಿಚ್ಚು. ಅವಳ ಬಣ್ಣ, ಉದ್ದ ಜಡೆ, ಒಡವೆ, ಒಳ್ಳೆಯ ಗಂಡ, ಇವು ಯಾವುದರ ಮೇಲೂ ಇಲ್ಲ. ಬರೀ ಕಿವಿಯ ಮೇಲೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಉರಿಯುತ್ತಿರುವುದು ನನ್ನ ಹೊಟ್ಟೆ ತಾನೇ.

ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯಲು ಇರುವುದು ಒಂದೇ ದಾರಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಳುಕುಳು ಅನ್ನುತ್ತದೆ, ಕೊಬ್ಬರಿಯಾಗಿದ್ದರೆ ಗಿಟಗಿಟ ಅನ್ನುತ್ತದೆ. ಇವೆರಡರ ನಡುವೆ ಇನ್ನೂ ಹತ್ತಾರು ಸದ್ದುಗಳಿವೆಯಂತೆ. ಇದಕ್ಕೆ ಇನ್ನು ಹದಿನೈದು ದಿನ ಬೇಕು, ಇದು ಒಂದು ಪಕ್ಕ ಅಂಟಿಕೊಂಡಿದೆ, ಇದು ಒಳಗೇ ಕೆಟ್ಟಿದೆ, ಹೀಗೆ. ಅಕ್ಕನಿಗೆ ಎಲ್ಲವೂ ಕೇಳುತ್ತವೆ. ನನಗೆ ಎರಡೇ ಕೇಳುವುದು.

ನಾನು ತಿಪಟೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬೇಡಿಕೆಯ ಗೆರೆ, ಪೂರೈಕೆಯ ಗೆರೆ ಎಳೆದೆಳೆದು ಬಲಭುಜ ಹಿಡಿದುಕೊಂಡಿದೆ. ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು, ಮದುವೆಯಾಗಿ ಬಿಳಿಗೆರೆಗೆ ಹೋದವಳು. ನೊಣವಿನಕೆರೆಯ ಹತ್ತಿರ ಅಪ್ಪನ ಮನೆಯಲ್ಲೇ ನಾನೂ ನನ್ನ ಗಂಡನೂ ಇದ್ದೇವೆ. ಅಪ್ಪನ ಬಿ.ಪಿ. ಮಾತ್ರೆ ತರುವವಳು ನಾನು. ಅವ್ವನ ಕಣ್ಣಿನ ಆಪರೇಷನ್ ಮಾಡಿಸಿದವಳು ನಾನು. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿಟ್ಟು ಬಸ್ಸಿಗೆ ಓಡುವವಳೂ ನಾನೇ. ಆದರೆ ಕೊಬ್ಬರಿ ಯಾವಾಗ ಇಳಿಸುವುದು ಎಂಬ ಮಾತು ಬಂತೋ, ಅಪ್ಪ ಬಿಳಿಗೆರೆಗೆ ಫೋನು ಮಾಡುತ್ತಿದ್ದ.

“ಏನವ್ವಾ, ಇಳ್ಸಣಾ? ಇನ್ನೆರಡು ವಾರ ನೋಡಣಾ?”

ನಾನು ಎದುರಿಗೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ.

ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ. “ಅಪ್ಪಾ, ನಾನು ಓದಿರೋದೇ ಇದು. ಊರ ಮಕ್ಕಳಿಗೆಲ್ಲ ಹೇಳ್ಕೊಡ್ತೀನಿ. ನನ್ನ ಒಂದ್ಸಲನಾದ್ರೂ ಯಾಕೆ ಕೇಳಲ್ಲ ನೀನು?”

“ನಿಂದು ಪುಸ್ತಕದ್ದು ಕಣವ್ವ, ಇದು ಕಾಯಿದು” ಅಂದ ಅಪ್ಪ. ಅವನಿಗೆ ನನ್ನ ಮನಸ್ಸು ನೋಯಿಸುವ ಉದ್ದೇಶವೇ ಇರಲಿಲ್ಲ, ಅದೇ ಇನ್ನೂ ಉರಿಸಿತು. ಒಳಗಿನಿಂದ ಅವ್ವ ಬೇರೆ, “ಓದಿ ಓದಿ ಮರುಳಾದ ಕೂಚುಭಟ್ಟ” ಅಂತ ನಕ್ಕಳು.

ಈ ಉರಿ ನಿನ್ನೆ ಮೊನ್ನೆಯದಲ್ಲ. ನನಗೆ ಏಳು, ಅಕ್ಕನಿಗೆ ಹತ್ತು ಇದ್ದಾಗ ಅಪ್ಪ ನಮ್ಮಿಬ್ಬರನ್ನೂ ಅಟ್ಟ ಹತ್ತಿಸಿ ಕೈಗೊಂದೊಂದು ಕಾಯಿ ಕೊಟ್ಟಿದ್ದ. ಅಕ್ಕ ಅಲ್ಲಾಡಿಸಿ, “ಆಗೈತೆ” ಅಂದಳು. ಅಪ್ಪ ಒಡೆದ. ಕಂದು ಉಂಡೆ ಗುಂಡಗೆ ಅಂಗೈಗೆ ಬಂತು. ನಾನೂ ಅಲ್ಲಾಡಿಸಿ, “ನಂದೂ ಆಗೈತೆ” ಅಂದೆ. ಅಪ್ಪ ಒಡೆದ. ನೀರು ನನ್ನ ಮುಖಕ್ಕೇ ಚಿಮ್ಮಿತು. ಕೆಳಗೆ ಕಾಯಿ ಸುಲಿಯುತ್ತಿದ್ದವರೆಲ್ಲ ಹೋ ಎಂದು ನಕ್ಕರು. ಅಪ್ಪ ತನ್ನ ಟವೆಲ್ಲಿನಿಂದ ನನ್ನ ಮುಖ ಒರೆಸಿ, “ಹೋಗು, ಅವ್ವ ಕರೀತಾವ್ಳೆ” ಅಂತ ಕೆಳಗೆ ಕಳಿಸಿದ. ಅವ್ವ ಕರೆದೇ ಇರಲಿಲ್ಲ. ಆಮೇಲೆ ಅವನು ನನ್ನನ್ನು ಅಟ್ಟಕ್ಕೆ ಕರೆಯಲಿಲ್ಲ.

ಸಂತೆಯ ಕಥೆಯೂ ಹಾಗೇ. ತಿಪಟೂರಿಗೆ ಕೊಬ್ಬರಿ ಮಾರಲು ಹೋದಾಗ ಅಪ್ಪ ಇಬ್ಬರಿಗೂ ಸಮನಾಗಿ ಕಾಸು ಕೊಡುತ್ತಿದ್ದ. ಅಕ್ಕ ಇಡೀ ಸಂತೆ ಒಂದು ಸುತ್ತು ಬರೀ ನೋಡಿಕೊಂಡು ಬರುವಳು, ಏನೂ ಕೊಳ್ಳದೆ. ಎರಡನೇ ಸುತ್ತಿಗೆ ಒಂದು ರಿಬ್ಬನ್ನು, ಒಂದು ಕೊಬ್ಬರಿ ಮಿಠಾಯಿ. ಅದರಲ್ಲೂ ಅರ್ಧ ತಿಂದು ಅರ್ಧ ಅವ್ವನಿಗೆ ಕಟ್ಟಿಕೊಳ್ಳುವಳು. ನಾನೋ, ಮೊದಲ ಅಂಗಡಿಯ ಮುಂದೆಯೇ ಠಿಕಾಣಿ. ಮೊದಲ ಮಿಠಾಯಿ ಸ್ವರ್ಗ. ಎರಡನೆಯದು ಚೆನ್ನಾಗಿತ್ತು. ಮೂರನೆಯದು ಪರವಾಗಿಲ್ಲ. ನಾಲ್ಕನೆಯದನ್ನು ಕಾಸು ಉಳಿದಿದೆಯಲ್ಲ ಎಂದು ತಿಂದೆ. ವಾಪಸು ಬರುವ ಬಸ್ಸಿನಲ್ಲಿ ಅಪ್ಪನ ಪಂಚೆಯ ಮೇಲೆ ಎಲ್ಲ ಕಕ್ಕಿದೆ. ಅಪ್ಪ ಬೈಯಲಿಲ್ಲ. “ಅಕ್ಕನ್ನ ನೋಡಿ ಕಲಿ” ಅಂದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇವತ್ತಿಗೂ ಸೀಮಾಂತ ತುಷ್ಟಿಗುಣದ ಪಾಠಕ್ಕೆ ನಾನು ಹೇಳುವುದು ಈ ಕಥೆಯೇ. ಒಂದೇ ವಸ್ತುವನ್ನು ಮತ್ತೆ ಮತ್ತೆ ಅನುಭವಿಸುತ್ತಾ ಹೋದರೆ ಪ್ರತಿ ಸಲವೂ ಸಿಗುವ ತೃಪ್ತಿ ಇಳಿಯುತ್ತದೆ; ಬುದ್ಧಿವಂತ ಗ್ರಾಹಕ ಅದನ್ನರಿತು ತನ್ನ ಕಾಸನ್ನು ಹಂಚಿಕೊಳ್ಳುತ್ತಾನೆ. “ಒಬ್ಬಳು ಹುಡುಗಿ ಇದ್ದಳು” ಎಂದು ಶುರು ಮಾಡುತ್ತೇನೆ. ವಾಂತಿಯ ಜಾಗ ಬಂದಾಗ ಮಕ್ಕಳು ಬೆಂಚು ಬಡಿದು ನಗುತ್ತಾರೆ. ಆ ಹುಡುಗಿ ನಾನೇ ಎಂದು ಹೇಳಿಲ್ಲ. ಬುದ್ಧಿವಂತ ಗ್ರಾಹಕ ಬಿಳಿಗೆರೆಯಲ್ಲಿದ್ದಾಳೆ, ಗಣಿತಕ್ಕೆ ಡುಮ್ಕಿ ಹೊಡೆದಿದ್ದಾಳೆ ಎಂದೂ ಹೇಳಿಲ್ಲ.

ಬಿಳಿಗೆರೆಗೆ ಹೋದಮೇಲಂತೂ ಅಕ್ಕನ ಕಿವಿ ಊರಿನ ಆಸ್ತಿಯಾಯಿತು. ಅಕ್ಕಪಕ್ಕದ ಮನೆಯ ಹೆಂಗಸರು, “ಒಂದ್ಗಳಿಗೆ ಬಂದು ನಮ್ಮ ಅಟ್ಟ ಕೇಳಿ ಹೋಗವ್ವ” ಅಂತ ಬಾಗಿಲಿಗೆ ಬರುವರು. ಇವಳು ಸೆರಗು ಸಿಕ್ಕಿಸಿ ಏಣಿ ಹತ್ತುವಳು. ಕಾಸಿಲ್ಲ ಕರಿಮಣಿಯಿಲ್ಲ. ಇಳಿದಾಗ ಒಂದು ಲೋಟ ಕಾಫಿ, ಮುಡಿಗೆ ಒಂದು ತುಂಡು ಕನಕಾಂಬರ. ಹಬ್ಬಕ್ಕೆ ಅಲ್ಲಿಗೆ ಹೋದಾಗ ನನ್ನನ್ನು ಯಾರೂ ಲೆಕ್ಚರರ್ ಎಂದು ಕರೆಯುತ್ತಿರಲಿಲ್ಲ. “ಅವರ ತಂಗಿ” ಅನ್ನುತ್ತಿದ್ದರು.

ಇನ್ನು ಆ ವರ್ಷದ ಮಾತು. ಕೊಬ್ಬರಿಯ ದರ ವಾರದಿಂದ ವಾರಕ್ಕೆ ಏರತೊಡಗಿತು. ಬೆಲೆ ಏರಿದರೆ ಮಾರುವವರು ಹೆಚ್ಚು ಸರಕು ತರುತ್ತಾರೆ ಎಂದು ನನ್ನ ಪುಸ್ತಕ ಹೇಳುತ್ತದೆ. ನಮ್ಮ ಜನ ಏನು ಮಾಡಿದರು ಗೊತ್ತೇ? ಅಟ್ಟಕ್ಕೆ ಬೀಗ ಹಾಕಿದರು. ಇವತ್ತೇ ಇಷ್ಟು ಅಂದರೆ ನಾಳೆ ಇನ್ನೆಷ್ಟೋ ಎಂದು ಒಬ್ಬ ಕಾದ, ಅವನನ್ನು ನೋಡಿ ಪಕ್ಕದವನು ಕಾದ, ಅವರಿಬ್ಬರನ್ನು ನೋಡಿ ಊರೇ ಕಾಯಿತು. ವರ್ತಕರು ದರ ಬರೆದುಕೊಡುವ ಟೆಂಡರ್ ದಿನ ಮಾರುಕಟ್ಟೆಯ ಅಂಗಳ ಅರ್ಧ ಖಾಲಿ. ಸರಕು ಬಾರದೆ ದರ ಇನ್ನೂ ಏರಿತು, ಏರಿದ್ದನ್ನು ನೋಡಿ ಜನ ಇನ್ನೂ ಬಿಗಿ ಹಿಡಿದರು.

ಅಡುಗೆಮನೆಗಳಲ್ಲಿ ತಮಾಷೆಯೋ ತಮಾಷೆ. ತೆಂಗಿನ ಸೀಮೆಯಲ್ಲಿ ಹುಟ್ಟಿ, ಚಟ್ನಿಗೆ ಹುರಿಗಡಲೆ ಮುಂದೆ, ಕಾಯಿ ಹಿಂದೆ. ಸಾರಿಗೆ ಅರ್ಧ ಹೋಳು ರುಬ್ಬುತ್ತಿದ್ದ ಅವ್ವ ಎರಡು ಚೂರಿಗೆ ಇಳಿದಳು. ಕಾಯಿ ಒಬ್ಬಟ್ಟಿನ ಬದಲು ಬೇಳೆ ಒಬ್ಬಟ್ಟು. ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಕೇಳಿದರೆ ಸಪ್ಲೈಯರ್ ಕಿವುಡನಾಗುತ್ತಿದ್ದ. ಒಂದು ದುಬಾರಿಯಾದರೆ ಜನ ಅದರ ಬದಲಿ ಸರಕಿಗೆ ತಿರುಗುತ್ತಾರೆ ಎಂದು ಮಕ್ಕಳಿಗೆ ಹೇಳಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. “ತಲೆ ಮ್ಯಾಲೆ ಅಟ್ಟದ ತುಂಬ ಕಾಯಿ, ಕೆಳಗೆ ಕಡ್ಲೆ ಚಟ್ನಿ. ಥೂ, ನಮ್ಮ ಬಾಳೇ” ಅಂತ ಅವ್ವ ದಿನಾ ಗೊಣಗುತ್ತಿದ್ದಳು.

ಆ ವರ್ಷವೇ ಅಪ್ಪನ ಮಂಡಿ ಪೂರ್ತಿ ಕೈಕೊಟ್ಟಿತು. ಏಣಿ ಹತ್ತುವುದು ಇನ್ನು ಆಗದ ಮಾತು. ಅಟ್ಟದ ಬೀಗದ ಕೈ ಅವನ ಉಡಿದಾರದಲ್ಲೇ ನೇತಾಡುತ್ತಿತ್ತು; ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಒಂದು ಭಾನುವಾರ ಅಕ್ಕ ಬಂದಿದ್ದಾಗ, ಊಟದ ಮಧ್ಯೆ ಅಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ.

“ಈ ಸಲ ಅಟ್ಟ ಇಳಿದ ಮೇಲೆ ಇದನ್ನ ನಿಮ್ಮಿಬ್ಬರಲ್ಲಿ ಒಬ್ಬರ ಕೈಗೆ ಕೊಟ್ಬುಡ್ತೀನಿ. ಯಾರ ಮಾತು ಸರಿ ಬತ್ತದೋ ಅವಳಿಗೆ. ಇನ್ಮ್ಯಾಲೆ ಅವಳು ಹೇಳ್ದಾಗ ಹಾಕೋದು, ಅವಳು ಹೇಳ್ದಾಗ ಇಳ್ಸೋದು. ನನ್ನ ಕೇಳ್ಬ್ಯಾಡಿ.”

ನನಗೆ ಆ ಬೀಗದ ಕೈ ಬೇಕಿತ್ತು. ಕೊಬ್ಬರಿ ಬೇಡ, ಅದರ ದುಡ್ಡೂ ಬೇಡ. ಅಪ್ಪ ಒಂದೇ ಒಂದು ಸಲ ನನ್ನ ಕಡೆ ತಿರುಗಿ, “ಏನವ್ವಾ, ಇಳ್ಸಣಾ?” ಅನ್ನಬೇಕಿತ್ತು. ನಲವತ್ತೇಳು ವರ್ಷದ ಹೆಂಗಸಿಗೆ ಇದೊಂದು ಆಸೆಯೇ ಎಂದರೆ, ಹೌದು, ಇದೇ ಆಸೆ.

ಊಟವಾದ ಮೇಲೆ ಅಕ್ಕ ಅಟ್ಟ ಹತ್ತಿದಳು. ಒಂದು ಗಂಟೆ ಕಾಯಿ ಅಲ್ಲಾಡಿಸುವ ಸದ್ದು ಬರುತ್ತಲೇ ಇತ್ತು. ಮೂಗಿನ ಮೇಲೆ ದೂಳು, ತಲೆಗೆ ಜೇಡರ ಬಲೆ ಮೆತ್ತಿಕೊಂಡು ಇಳಿದಳು. “ಆಗೈತಪ್ಪ. ಅರ್ಧ ಈಗ ಇಳ್ಸು, ಅರ್ಧ ಇರ್ಲಿ. ಎಲ್ಲಾರೂ ಕಾಯ್ತಾವ್ರೆ. ಎಲ್ಲಾರೂ ಒಂದೇ ದಿನ ತಂದು ಸುರುದ್ರೆ ಆಗ ಕೇಳೋರ್ಯಾರು?”

ನಾನು ಹಲ್ಲು ಕಚ್ಚಿದೆ. ಗುಂಪಿನ ವರ್ತನೆಯ ಬಗ್ಗೆ ನಾನು ಎರಡು ಕ್ಲಾಸು ತೆಗೆದುಕೊಂಡು ಹೇಳುವುದನ್ನು ಇವಳು ಮೂಗಿನ ದೂಳು ಒರೆಸಿಕೊಳ್ಳುತ್ತಾ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. “ಬೇಡಪ್ಪ, ದರ ಇನ್ನೂ ಏರುತ್ತೆ, ಒಂದು ಕಾಯಿನೂ ಇಳಿಸ್ಬೇಡ” ಅಂದೆ. ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಅವಳು ಪೂರ್ವ ಅಂದಿದ್ದಳು, ನಾನು ಪಶ್ಚಿಮ ಅಂದೆ.

ಅಪ್ಪ ಇಬ್ಬರ ಮುಖವನ್ನೂ ನೋಡಿದ. “ಐದು ಕಾಯಿ ತನ್ನಿ, ನಾನೇ ಕೇಳ್ತೀನಿ.”

ಅದು ನಮ್ಮ ಮನೆಯ ಪದ್ಧತಿ. ಅಟ್ಟ ಇಳಿಸುವ ಮುಂಚೆ ನಾಲ್ಕು ಮೂಲೆಯ ನಾಲ್ಕು, ನಡುವಿನ ಒಂದು, ಒಟ್ಟು ಐದು ಕಾಯಿ ತಂದು ಮನೆಯ ಯಜಮಾನ ಕೇಳಬೇಕು. ಐದೂ ಒಂದೇ ಸದ್ದು ಮಾಡಿದರೆ ಅದೇ ತೀರ್ಪು. ಅಷ್ಟರಲ್ಲಿ ಅಕ್ಕನ ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟುತ್ತಲೇ, “ಐದು ಕಾಯಿ ತಂದು ಕೇಳ್ಸೇ ಅಪ್ಪಂಗೆ, ಬತ್ತೀನಿ” ಅಂತ ನನಗೆ ಕೂಗಿ ಹೇಳಿ ಓಡಿದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಅಟ್ಟದಲ್ಲಿ ಒಂದೊಂದು ಕೊಯ್ಲಿನ ಕಾಯಿಗೂ ಒಂದೊಂದು ಜಾಗ, ಮಧ್ಯೆ ಬಿದಿರಿನ ತಡಿಕೆ. ಅಕ್ಕ ಕೇಳಿದ್ದು ಬಾಗಿಲ ಬಳಿಯ ಹಳೆಯ ಗುಡ್ಡೆ. ತಡಿಕೆಯ ಆಚೆ ಮೂರು ತಿಂಗಳು ತಡವಾಗಿ ಹಾಕಿದ ಗುಡ್ಡೆ. ಮೇಲಿನ ದೂಳು ಎರಡರ ಮೇಲೂ ಒಂದೇ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಕತ್ತಲಿತ್ತು, ತಪ್ಪಿತು, ಗೊತ್ತಾಗಲಿಲ್ಲ ಎಂದು ಬರೆಯಬಹುದು. ಸುಳ್ಳು. ಹೆಂಚಿನ ಸಂದಿಯಿಂದ ಚೆನ್ನಾಗಿ ಬಿಸಿಲು ಬೀಳುತ್ತಿತ್ತು. ನಾನು ತಡಿಕೆಯ ಆಚೆಗೇ ಕೈ ಹಾಕಿ ಐದು ಕಾಯಿ ಆರಿಸಿದೆ. ಒಂದೊಂದನ್ನೂ ಅಲ್ಲಾಡಿಸಿ, ಕುಳುಕುಳು ಅಂದದ್ದನ್ನು ಮಾತ್ರ ಇಟ್ಟುಕೊಂಡೆ. ಜೀವಮಾನದಲ್ಲಿ ಅವತ್ತೊಂದು ದಿನ ನನ್ನ ಕಿವಿ ಸರಿಯಾಗಿ ಕೆಲಸ ಮಾಡಿತು.

ಅಪ್ಪ ಮಂಚದ ಮೇಲೆ ಕೂತು ಕಣ್ಣು ಮುಚ್ಚಿ ಒಂದೊಂದೇ ಕೇಳಿದ. ಮೊದಲನೆಯದಕ್ಕೆ ಹುಬ್ಬು ಗಂಟಿಕ್ಕಿದ. ಎರಡನೆಯದನ್ನು ಅಂಗೈಯಲ್ಲಿ ತೂಗಿ ನೋಡಿದ. “ಭಾರಾನೂ ಅವೆ. ನೀರೈತಲ್ಲವ್ವ ಇದ್ರಾಗೆ.”

“ಹೂಂ ಅಪ್ಪ. ನಂಗೂ ಹಂಗೇ ಅನ್ನಿಸ್ತು” ಅಂದೆ.

ಐದೂ ಮುಗಿದ ಮೇಲೆ ಬಿಳಿಗೆರೆಗೆ ಫೋನು ಮಾಡಿದ. ಅವನ ಫೋನಿನ ಸ್ಪೀಕರು ಯಾವಾಗಲೂ ಆನ್ ಇರುತ್ತದೆ, ಆಫ್ ಮಾಡಲು ಬರುವುದಿಲ್ಲ. ಅಕ್ಕ ಆಗಷ್ಟೇ ಮನೆ ಸೇರಿದ್ದಳು. ಆ ಕಡೆ ಅವಳ ಮೊಮ್ಮಗನ ಅಳು, ಮನೆ ತುಂಬ ಜನರ ಮಾತು ಕೇಳುತ್ತಿತ್ತು. “ನಿನ್ನ ಕಿವಿ ಯಾಕೋ ಮೋಸ ಮಾಡ್ತಾವೆ ಕಣವ್ವ. ಐದಕ್ಕೆ ಐದೂ ನೀರು.”

ಅಕ್ಕ ಕೇಳಿದಳು. “ಐದೂನಾ?”

“ಐದೂನೂ.”

“ಹೌದಾ ಅಪ್ಪ” ಅಂದಳು. “ಸರಿ ಬುಡು.”

ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಹೊಟ್ಟೆ ತಣ್ಣಗಾಯಿತು. ಅವತ್ತು ಊಟಕ್ಕೆ ಎರಡು ಮುದ್ದೆ ಹಾಕಿಸಿಕೊಂಡೆ. “ಏನೇ, ಬಸುರಿ ಉಂಡಂಗೆ ಉಣ್ತೀಯ” ಅಂತ ಅವ್ವ ನಕ್ಕಳು.

ದರ ಇಳಿದು ನನಗೆ ಬುದ್ಧಿ ಕಲಿಸಿತು ಎಂದುಕೊಂಡಿರಾ? ಇಲ್ಲ. ಏರಿತು. ಮೂರು ತಿಂಗಳು ಬಿಟ್ಟು ನಾವು ಹಳೇ ಗುಡ್ಡೆ ಇಳಿಸಿ ಸುಲಿಸಿ ಕಳಿಸಿದ ವಾರ, ಅಪ್ಪ ತನ್ನ ಆಯುಷ್ಯದಲ್ಲಿ ಕಾಣದ ದರ ಸಿಕ್ಕಿತು. ಅದಾದ ಮೇಲೆ, ಅಕ್ಕ ಹೇಳಿದ್ದಂತೆಯೇ, ಕಾದವರೆಲ್ಲ ಒಟ್ಟಿಗೆ ತಂದು ಸುರಿದರು, ದರ ಜಾರಿತು. ನಾವು ಅಷ್ಟರಲ್ಲಿ ಮಾರಿ ಕೈತೊಳೆದುಕೊಂಡಿದ್ದೆವು. ಕುರುಡ ಎಸೆದ ಕಲ್ಲು ಮಾವಿನಕಾಯಿಗೆ ತಗುಲಿತ್ತು. ಊರಿಗೆ ಅದು ಗೊತ್ತೇ? “ಲೆಕ್ಚರರ್ ಮಗಳಿದ್ರೆ ಹಿಂಗಿರ್ಬೇಕು” ಎಂದು ಮಾತಾಯಿತು. ಬಸ್ಸಿಗೆ ಕಾಯುವಾಗ ಗಂಡಸರು ಹತ್ತಿರ ಬಂದು, “ಮೇಡಂ, ನಮ್ದು ಯಾವಾಗ ಇಳ್ಸಣ?” ಎಂದು ಕೇಳತೊಡಗಿದರು. ನಾನು ಕನ್ನಡಕ ಸರಿಮಾಡಿಕೊಂಡು ಯೋಚಿಸುವವಳಂತೆ ನಿಲ್ಲುತ್ತಿದ್ದೆ. ಅಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಅದು ಅವನ ಮೈಯ ಬಿಸಿಗೆ ಬೆಚ್ಚಗಿತ್ತು.

ಬಿಳಿಗೆರೆಯ ಸುದ್ದಿ ಅವ್ವನಿಂದ ಬಂತು. “ಅವಳು ಈಗ ಯಾರ ಅಟ್ಟಾನೂ ಹತ್ತಲ್ವಂತೆ ಕಣೇ. ಯಾರಾನಾ ಕರ್ಯಾಕೆ ಬಂದ್ರೆ, ನನ್ನ ಕಿವಿ ನಂಬ್ಕೊಂಡು ಮನೆ ಹಾಳ್ಮಾಡ್ಕೋಬ್ಯಾಡಿ ಅಂತ ಕಳಿಸ್ಬುಡ್ತಾಳಂತೆ.” ಇದನ್ನು ಕೇಳಿದಾಗ ನನಗೆ ಮೊದಲು ಆದದ್ದು ಖುಷಿ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯೇ. ಎರಡನೇ ಸಲ ಯೋಚಿಸಿದಾಗ ಅಷ್ಟು ಖುಷಿಯಾಗಲಿಲ್ಲ. ಬಾಗಿಲಿಗೆ ಬಂದ ಹೆಂಗಸರಿಗೆ ಅವಳು ಹಾಗೆನ್ನುವಾಗ ಅವಳ ಮುಖ ಹೇಗಿರುತ್ತದೆ ಎಂದು ನೆನೆಯುತ್ತಾ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆ ತಿಂಗಳೇ ಕಾಲೇಜಿನಲ್ಲಿ ಬಾಹ್ಯತೆಗಳ ಪಾಠ ಬಂತು. ಕೊಡುವವನು, ಕೊಳ್ಳುವವನು ಇಬ್ಬರೂ ಒಪ್ಪಿ ವ್ಯವಹಾರ ಮಾಡುತ್ತಾರೆ. ಆದರೆ ಅದರ ಕೆಡುಕೋ ಒಳಿತೋ ವ್ಯವಹಾರದಲ್ಲಿ ಇಲ್ಲದ ಮೂರನೆಯವರ ಮೇಲೆ ಬೀಳುತ್ತದೆ, ಬೆಲೆಯಲ್ಲಿ ಅದು ಕಾಣುವುದೇ ಇಲ್ಲ. ಉದಾಹರಣೆಗೆ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಯ ಹೊಗೆ ಹೇಳಿದೆ. ಅದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಹೌದು ಮೇಡಂ. ಮಾರೋರಿಗೂ ಲಾಭ, ತಗಳ್ಳೋರಿಗೂ ಲಾಭ. ಕೆಮ್ಮೋದು ಮಾತ್ರ ನಮ್ಮಜ್ಜಿ.”

ಮಕ್ಕಳು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಸೆರಗಿನಲ್ಲಿ ಸಿಕ್ಕಿಸಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡೆ. ಅಪ್ಪನಿಗೆ ಲಾಭ, ನನಗೆ ಲಾಭ. ಹೊಗೆ ಬಿಳಿಗೆರೆಗೆ ಹೋಗಿತ್ತು. ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು, ಆದರೂ ಪುಸ್ತಕ ಮುಚ್ಚಿ ಸ್ಟಾಫ್ ರೂಮಿಗೆ ಹೋಗಿ ಕೂತೆ.

ಹದಿನೈದು ದಿನ ಬಿಟ್ಟು ಒಂದು ಭಾನುವಾರ ಬೆಳಗ್ಗೆ ಅಕ್ಕ ಬಂದಳು. ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ. ಅಂಗಳದಲ್ಲೇ ಅದನ್ನು ನನ್ನ ಕೈಗೆ ತುರುಕಿದಳು. “ತಗೊಳೇ, ನಿನಗೇ ತಂದಿದ್ದು. ನಿನ್ನಿಂದ ನಮಗೂ ಒಳ್ಳೇದಾಯ್ತು. ಅಪ್ಪ ಹಂಗಂದ್ಮ್ಯಾಲೆ ನಾನೂ ನಮ್ಮ ಅಟ್ಟ ಇಳ್ಸದೆ ಕಾದೆ. ನನ್ನ ಕಿವಿ ನಂಬ್ಕೊಂಡಿದ್ರೆ ಮುಳುಗೋಗ್ತಿದ್ದೆ ಕಣೇ.”

ಆಗ ನೋಡಿದೆ. ಅವಳ ಬಲಗಿವಿಯ ಹಿಂದೆ ಕಂದು ಬಣ್ಣದ ಒಂದು ಮಿಷಿನ್ ಕೂತಿತ್ತು, ಅದರಿಂದ ಒಂದು ಸಣ್ಣ ಕೊಳವೆ ಕಿವಿಯೊಳಗೆ ಹೋಗಿತ್ತು.

“ಏನಕ್ಕ ಇದು?”

“ಕಿವಿ ಮಿಷಿನ್. ಕೊಬ್ಬರಿ ದುಡ್ಡಲ್ಲಿ ತಗಂಡೆ. ಟೌನಲ್ಲಿ ಅಂಗಡಿಯೋನು ಹಾಕ್ಕೊಟ್ಟ.”

ಆ ದುಡ್ಡು ಬಂದರೆ ಕೆಂಪು ಕಲ್ಲಿನ ಓಲೆ ಮಾಡಿಸುತ್ತೇನೆ ಎಂದು ಅವಳು ಮೂರು ವರ್ಷದಿಂದ ಹೇಳುತ್ತಿದ್ದಳು. ಕಿವಿಯಲ್ಲಿ ಹಳ್ಳಿಯ ಅಂಗಡಿಯ ಅದೇ ಹಳೇ ಗುಂಡು ಓಲೆ ಇತ್ತು. ಒಂದನ್ನು ಆರಿಸಿಕೊಂಡಾಗ ಕೈಬಿಡಬೇಕಾದ ಇನ್ನೊಂದು, ಅದೇ ನೀವು ತೆತ್ತ ನಿಜವಾದ ವೆಚ್ಚ ಎಂದು ನಾನು ಪಾಠ ಮಾಡುತ್ತೇನೆ. “ಡಾಕ್ಟ್ರಿಗೆ ತೋರಿಸ್ದ್ಯಾ?” ಎಂದು ಕೇಳಿದೆ.

“ತೋರಿಸ್ದೆ. ಕಿವಿ ಚೆನ್ನಾಗೈತೆ, ಏನೂ ಆಗಿಲ್ಲ ಅಂದ್ರು. ಅವರಿಗೇನು ಗೊತ್ತು ಬುಡು, ಅವರೇನು ಕೊಬ್ಬರಿ ಕೇಳವ್ರಾ?” ಅಂದಳು. “ನಡಿ ಅಟ್ಟಕ್ಕೆ. ಮಿಷಿನ್ ಹಾಕ್ಕಂಡು ಒಂದ್ಸಲ ಕೇಳಿ ನೋಡ್ತೀನಿ. ನಿಮ್ಮ ಎರಡನೇ ಗುಡ್ಡೆ ಈಗ ಆಗಿರ್ಬೇಕಲ್ಲ.”

ಬೀಗ ನಾನೇ ತೆಗೆದೆ. ಅವಳು ತಡಿಕೆಯ ಆಚೆ ಕೂತು ಒಂದು ಕಾಯಿ ಎತ್ತಿ ಬಲಗಿವಿಯ ಹತ್ತಿರ ಅಲ್ಲಾಡಿಸಿದಳು. ಮುಖ ಕಿವುಚಿದಳು. ಮತ್ತೆ ಅಲ್ಲಾಡಿಸಿದಳು. “ಬರೀ ಗುಂಯ್ ಅಂತೈತೆ ಕಣೇ. ಬಸ್ ಸ್ಟ್ಯಾಂಡ್ನಾಗೆ ನಿಂತಂಗೆ” ಅಂತ ನಕ್ಕಳು. ನಗು ಬೇಗ ನಿಂತಿತು. ಕಾಯಿಯನ್ನು ನನ್ನ ಕಡೆ ಚಾಚಿದಳು. “ನೀನೇ ಕೇಳಿ ಹೇಳು. ನೀನು ಹೇಳಿದ್ದೇ ಸರಿ ಬತ್ತದೆ.”

ನಾನು ತೆಗೆದುಕೊಂಡು ಅಲ್ಲಾಡಿಸಿದೆ. ಅದು ಕುಳುಕುಳುವೂ ಅಲ್ಲ, ಗಿಟಗಿಟವೂ ಅಲ್ಲ. ನಡುವಿನ ಆ ಹತ್ತಾರು ಸದ್ದುಗಳಲ್ಲಿ ಯಾವುದೋ ಒಂದು. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಾ ಕಾಯುತ್ತಿದ್ದಳು. ಅವಳು ನನ್ನ ತೀರ್ಪಿಗೆ ಕಾಯಬೇಕೆಂದು ನಾನು ಎಷ್ಟು ವರ್ಷ ಹಂಬಲಿಸಿದ್ದೆ!

“ಅಕ್ಕ, ಮಿಷಿನ್ ತೆಗಿ” ಅಂದೆ.

“ಯಾಕೆ?”

“ತೆಗಿ ಅಂದ್ನಲ್ಲ. ಅವತ್ತು ಅಪ್ಪಂಗೆ ಕೇಳ್ಸಿದ ಐದು ಕಾಯಿ ನೀನು ಕೇಳಿದ ಗುಡ್ಡೆದಲ್ಲ. ಈ ಗುಡ್ಡೆದು.”

“ತಪ್ಪಿ ತಂದ್ಯಾ?” ಅಂದಳು. ನುಣುಚಿಕೊಳ್ಳಲು ನನಗೆ ದಾರಿ ಮಾಡಿಕೊಟ್ಟಳು, ಅವಳು ಯಾವಾಗಲೂ ಹಾಗೇ.

“ಇಲ್ಲ. ಬೇಕಂತ ತಂದೆ.”

“ಯಾಕೇ?”

“ಹೊಟ್ಟೆಕಿಚ್ಚಿಗೆ” ಅಂದೆ.

ಅವಳು ಬೈಯುತ್ತಾಳೆ, ಅಳುತ್ತಾಳೆ, ಕಾಯಿ ತೆಗೆದು ತಲೆಗೆ ಹಾಕುತ್ತಾಳೆ ಎಂದುಕೊಂಡೆ. ಅವಳು ಮಿಷಿನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಲಗಿವಿಗೆ ಹಿಡಿದಳು, ಆಮೇಲೆ ಎಡಗಿವಿಗೆ. ಪಕ್ಕಕ್ಕಿಟ್ಟು ಇನ್ನೊಂದು ಎತ್ತಿದಳು. “ಇದು ಆಗೈತೆ” ಅಂದಳು, ನನಗಲ್ಲ. “ಇದಕ್ಕಿನ್ನ ಹದಿನೈದು ದಿನ. ಇದು ಪಕ್ಕಕ್ಕೆ ಅಂಟ್ಕಂಡೈತೆ.” ನಾಲ್ಕನೆಯದನ್ನು ಎತ್ತಿದವಳು ಅಲ್ಲಾಡಿಸದೆ ಕೆಳಗಿಟ್ಟಳು.

“ಮೊಮ್ಮಗ ಅತ್ರೆ ಕೇಳಿಸ್ದೇ ಹೋದೀತು ಅಂತ ಇಷ್ಟು ದಿನ ಎದ್ದೆದ್ದು ಹೋಗಿ ತೊಟ್ಟಿಲು ನೋಡ್ತಿದ್ದೆ ಕಣೇ” ಅಂದಳು.

ನಾನು ಬೀಗದ ಕೈ ತೆಗೆದು ಚಾಚಿದೆ. ಅವಳು ಅದರ ಕಡೆ ನೋಡಲೂ ಇಲ್ಲ. “ಅಪ್ಪಂಗೆ ಹೇಳಿದ್ಯಾ?”

“ಇಲ್ಲ.”

ಅಷ್ಟರಲ್ಲಿ ಕೆಳಗಿನಿಂದ ಅಪ್ಪನ ದನಿ ಬಂತು. “ಏನವ್ವಾ, ಆಗೈತಾ? ಇಳ್ಸಣಾ?” ಕೇಳಿದ್ದು ಅವಳನ್ನೇ. ಬೀಗದ ಕೈ ನನ್ನದಾಗಿ ಎಷ್ಟು ದಿನವಾದರೂ ಆ ಪ್ರಶ್ನೆಗೆ ಅವನ ಬಾಯಿಗೆ ಬರುವುದು ಅವಳೇ. ಅಷ್ಟೆಲ್ಲ ಆಗಿಯೂ, ಆ ಕ್ಷಣದಲ್ಲಿ, ಅವಳ ಎದುರಿಗೆ ತಪ್ಪಿತಸ್ಥಳಾಗಿ ನಿಂತು, ನನ್ನ ಹೊಟ್ಟೆ ಮತ್ತೆ ಉರಿಯಿತು.

ಅಕ್ಕ ಅಟ್ಟದ ಬಾಗಿಲಿಗೆ ಬಂದು ಬಗ್ಗಿ ಕೂಗಿದಳು. “ನನ್ನ ಕೇಳ್ಬ್ಯಾಡಪ್ಪ. ಅವಳು ಇಳೀತಾವ್ಳೆ, ಅವಳ್ನೇ ಕೇಳು.”

ನಾನು ಏಣಿ ಇಳಿದೆ. ಅಪ್ಪ ಮಂಚದ ಮೇಲೆ ಸರಿದು ನನಗೆ ಜಾಗ ಮಾಡಿದ. ನೋಯುವ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿಟ್ಟುಕೊಂಡು ಪೂರ್ತಿ ನನ್ನ ಕಡೆ ತಿರುಗಿ ಕೂತ. “ಹೇಳವ್ವ, ನೀನು ಹೇಳ್ದಂಗೆ ಮಾಡಣ” ಅಂದ. ನಲವತ್ತು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಮೇಲೆ ಅಕ್ಕ ಮತ್ತೆ ಒಂದೊಂದೇ ಕಾಯಿ ಅಲ್ಲಾಡಿಸತೊಡಗಿದ್ದಳು, ಸದ್ದು ಕೆಳಗಿನ ತನಕ ಬರುತ್ತಿತ್ತು.

“ಅಪ್ಪ, ಅವತ್ತು ನಿನಗೆ ತಂದುಕೊಟ್ಟ ಐದು ಕಾಯಿ…” ಎಂದು ಶುರು ಮಾಡಿದೆ.